ಅವ್ವನಿಗೂ ನನಗೂ ಒಂದೇ ಅರ್ಜಿ

ಕೆನಡಾದಲ್ಲಿ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಸಿಕ್ಕವರು ಇಂಗ್ಲೆಂಡಿಗೆ ಹೋಗಬೇಕೆಂದರೂ ವೀಸಾ ತೆಗೆಸಲೇಬೇಕು. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದ ಮೇಲೆ ಬೇರೆ ದಾರಿ ಇಲ್ಲ. ಈ ಸಲ ಬಳ್ಳಾರಿಗೆ ಬಂದಾಗ ಈ ಮಾತನ್ನು ಬಹಳ ಜನರಿಗೆ ಹೇಳಬೇಕಾಯಿತು. ಚಿಕ್ಕಪ್ಪನಿಗೆ, ಎದುರು ಮನೆಯ ಅಕ್ಕನಿಗೆ, ಅಪ್ಪನ ಜೊತೆ ಕೆಲಸ ಮಾಡಿದ ಮೇಷ್ಟ್ರಿಗೆ. "ನಿನಗ ಅಲ್ಲಿ ಕಾಯಂ ಆಗೇತಲ್ಲವ್ವ, ಮತ್ತ ಯಾತರ ವೀಸಾ?" ಅಂತ ಎಲ್ಲರೂ ಕೇಳಿದರು. ಕೇಳುವುದು ಸಹಜವೇ. ಕಾಯಂ ಅಂದ ಮೇಲೆ ಎಲ್ಲ ಕಡೆಗೂ ಬಾಗಿಲು ತೆರೆದಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ.

ನನ್ನ ತಂಗಿ ಇಂಗ್ಲೆಂಡಿನ ರೆಡಿಂಗ್ ಊರಲ್ಲಿದ್ದಾಳೆ. ಅವಳಿಗೆ ಇದು ಚೊಚ್ಚಲ ಹೆರಿಗೆ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಆದರೆ ಅವಳ ಕೆಲಸ, ಅಲ್ಲಿನ ಆಸ್ಪತ್ರೆಯ ತಪಾಸಣೆ, ದಿನ ತುಂಬುತ್ತಾ ಬಂದ ಮೇಲೆ ವಿಮಾನ ಹತ್ತಿಸಿಕೊಳ್ಳದ ನಿಯಮ, ಎಲ್ಲಾ ಸೇರಿ ಅವಳು ಬರುವ ಹಾಗಿರಲಿಲ್ಲ. ಅದಕ್ಕೆ ತವರೇ ಅಲ್ಲಿಗೆ ಹೋಗೋಣ ಅಂದುಕೊಂಡೆವು. ತವರು ಅಂದರೆ ಈಗ ಅವ್ವ ಮತ್ತು ನಾನು. ಅಪ್ಪ ತೀರಿಕೊಂಡು ವರ್ಷವಾಯಿತು. ಆ ವರ್ಷದ ಕಾರ್ಯಕ್ಕೆಂದೇ ನಾನು ಟೊರಾಂಟೊದಿಂದ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದೆ. ಇಲ್ಲಿಂದ ಅವ್ವನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ, ಸ್ವಲ್ಪ ದಿನ ಇದ್ದು, ಅಲ್ಲಿಂದ ನಾನು ಕೆನಡಾಕ್ಕೆ ಮರಳುವುದು. ಅವ್ವ ಇನ್ನೂ ಕೆಲವು ದಿನ ಇದ್ದು ಸುಗ್ಗಿಯ ಹೊತ್ತಿಗೆ ಬಳ್ಳಾರಿಗೆ ಬರುವುದು.

ಹಾಗಾಗಿ ಒಂದೇ ಮನೆಯಲ್ಲಿ ಕೂತು, ಒಂದೇ ವೀಸಾಕ್ಕೆ, ಇಬ್ಬರ ಅರ್ಜಿ ತುಂಬಿದೆ. ಇಬ್ಬರದ್ದೂ ಅದೇ ನೀಲಿ ಪಾಸ್‌ಪೋರ್ಟ್. ಇಬ್ಬರಿಗೂ ಅದೇ ಫೀಸು. 2025ರ ಏಪ್ರಿಲ್‌ನಲ್ಲಿ ಆರು ತಿಂಗಳ ವಿಸಿಟರ್ ವೀಸಾಕ್ಕೆ ಅದು 127 ಪೌಂಡ್ ಆಗಿತ್ತು. ಪ್ರಶ್ನೆಗಳೂ ಅವೇ. ಆದರೆ ಒಂದು ಪ್ರಶ್ನೆಗೆ ಮಾತ್ರ ಇಬ್ಬರ ಉತ್ತರ ಬೇರೆ ಬೇರೆ. ನೋಡಿ ಬಂದ ಮೇಲೆ ಎಲ್ಲಿಗೆ ಹೋಗ್ತೀರಿ? ಅವ್ವ ಬಳ್ಳಾರಿಗೆ. ನಾನು ಟೊರಾಂಟೊಗೆ. ಇಡೀ ಅರ್ಜಿ ನಿಂತಿರುವುದು ಈ ಉತ್ತರದ ಮೇಲೆಯೇ.

ಮೊದಲು ಪಿಆರ್ ವಿಷಯ ಹೇಳಿಬಿಡುತ್ತೇನೆ. ಅದು ಕೆನಡಾ ನನಗೆ ಕೊಟ್ಟ ಮಾತು. ಇಲ್ಲಿ ಇರು, ದುಡಿ, ತೆರಿಗೆ ಕಟ್ಟು, ಐದು ವರ್ಷದಲ್ಲಿ ಕನಿಷ್ಠ 730 ದಿನ ಇಲ್ಲಿರು, ನಿನ್ನನ್ನು ಹೊರಗೆ ಹಾಕುವುದಿಲ್ಲ. ಅಷ್ಟೇ. ಆ ಮಾತಿನಲ್ಲಿ ಮೂರನೇ ದೇಶದ ಪಾತ್ರವಿಲ್ಲ. ವೀಸಾ ಬೇಕೋ ಬೇಡವೋ ಅನ್ನುವುದನ್ನು ಬ್ರಿಟನ್ ತೀರ್ಮಾನಿಸುವುದು ನನ್ನ ಪಾಸ್‌ಪೋರ್ಟ್ ನೋಡಿ. ಕೊಡಬೇಕೋ ಬೇಡವೋ ಅನ್ನುವಾಗ ಮಾತ್ರ ನಾನು ಎಲ್ಲಿ ಬದುಕುತ್ತಿದ್ದೇನೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಇವೆರಡನ್ನೂ ಒಂದೇ ಅಂದುಕೊಂಡಾಗಲೇ ಗೊಂದಲ ಶುರುವಾಗುವುದು.

ಪಿಆರ್ ಕಾರ್ಡಿಗೆ ಇಂಗ್ಲೆಂಡಿನಲ್ಲಿ ಬೆಲೆಯೇ ಇಲ್ಲ ಅಂತಲ್ಲ. 2002ರ ಜೂನ್ 28ರ ನಂತರ ಕೊಟ್ಟ, ಚಾಲ್ತಿಯಲ್ಲಿರುವ ಕೆನಡಾದ ಪಿಆರ್ ಕಾರ್ಡ್ ಇದ್ದರೆ ಲಂಡನ್ನಿನಲ್ಲಿ ವಿಮಾನ ಬದಲಿಸಲು ಟ್ರಾನ್ಸಿಟ್ ವೀಸಾ ಬೇಕಾಗುವುದಿಲ್ಲ. ಮರುದಿನ ರಾತ್ರಿ 11:59ರ ಒಳಗೆ ಮುಂದಿನ ವಿಮಾನ ಹತ್ತಬೇಕು, ಅಷ್ಟೇ. ಈ ಸಲ ನಾನು ಊರಿಗೆ ಬಂದದ್ದು ಹೀಥ್ರೋ ಮೇಲೆಯೇ. ಅಲ್ಲಿಂದ ತಂಗಿಯ ಮನೆಗೆ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಹಾದು ಹೋಗುವವಳಾಗಿ ನನ್ನನ್ನು ಒಪ್ಪುತ್ತಾರೆ. ತಂಗಿಯ ಮನೆಯಲ್ಲಿ ಉಳಿಯುವವಳಾಗಿ ಒಪ್ಪಬೇಕಾದರೆ ಅರ್ಜಿ, ಬೆರಳಚ್ಚು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಅವತ್ತು ಗೇಟಿನ ಹತ್ತಿರ ಕೂತು ಅವಳಿಗೆ ಫೋನ್ ಮಾಡಿದೆ. "ಇಷ್ಟು ಹತ್ರ ಬಂದೀಯಲ್ಲಕ್ಕಾ" ಅಂದಳು. ಮುಂದೆ ಇಬ್ಬರಿಗೂ ಮಾತು ಹೊರಡಲಿಲ್ಲ.

ಒಂದೊಂದು ದೇಶ ಒಂದೊಂದು ರೀತಿ. ಮೆಕ್ಸಿಕೊ ಕೆನಡಾದ ಪಿಆರ್ ಇದ್ದವರನ್ನು ವೀಸಾ ಇಲ್ಲದೆ ಬಿಟ್ಟುಕೊಳ್ಳುತ್ತದೆ. ಅಮೆರಿಕ ಬಿಡುವುದಿಲ್ಲ. ಮೊದಲು ಕಾಮನ್‌ವೆಲ್ತ್ ದೇಶಗಳಿಂದ ಬಂದು ಕೆನಡಾದಲ್ಲಿ ನೆಲೆಸಿದವರಿಗೆ ಅಮೆರಿಕಕ್ಕೆ ವೀಸಾ ಬೇಕಿರಲಿಲ್ಲ. 2003ರಲ್ಲಿ ಆ ರಿಯಾಯಿತಿ ತೆಗೆದರು. ಆದರೆ ಅಮೆರಿಕದ ಗ್ರೀನ್ ಕಾರ್ಡ್ ಇರುವ ಭಾರತೀಯರು 2022ರ ಏಪ್ರಿಲ್‌ನಿಂದ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡನ್ನೂ ತೋರಿಸಿ ನೇರವಾಗಿ ಕೆನಡಾಕ್ಕೆ ಬರಬಹುದು. ಒಂದೇ ಗಡಿ, ಒಂದೇ ಪಾಸ್‌ಪೋರ್ಟಿನ ಜನ. ಈ ಕಡೆಯಿಂದ ಆ ಕಡೆ ಹೋಗಲು ವೀಸಾ ಬೇಕು, ಆ ಕಡೆಯಿಂದ ಈ ಕಡೆ ಬರಲು ಬೇಡ. ಇದು ಸರಿಯಲ್ಲ ಅಂತಲೇ ನನ್ನ ಭಾವನೆ. ಹತ್ತಿಪ್ಪತ್ತು ವರ್ಷ ಒಂದು ದೇಶದಲ್ಲಿ ನೆಟ್ಟಗೆ ಬದುಕಿದವರು ಪಕ್ಕದ ದೇಶಕ್ಕೆ ಹೊಸಬರಂತೆ ಕಾಣುವುದು ನೋವಿನ ವಿಷಯ.

ಎಲ್ಲಿಂದ ಅರ್ಜಿ ಹಾಕಬೇಕು ಅನ್ನುವುದೂ ಮುಖ್ಯ. ಬ್ರಿಟನ್ ವಿಸಿಟರ್ ವೀಸಾಕ್ಕೆ ಬ್ರಿಟನ್ನಿನ ಹೊರಗೆ ಎಲ್ಲಿಂದ ಬೇಕಾದರೂ ಹಾಕಬಹುದು. ಅದಕ್ಕೇ ಬಳ್ಳಾರಿಯಿಂದ ಹಾಕಲು ನನಗೆ ಸಾಧ್ಯವಾಯಿತು. ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಷೆಂಗೆನ್ ವೀಸಾ ಹಾಗಲ್ಲ. ಫ್ರಾನ್ಸೋ ಜರ್ಮನಿಯೋ ನೋಡಬೇಕೆಂದಿದ್ದರೆ ನಾನು ವಾಸವಿರುವ ಕೆನಡಾದಿಂದಲೇ ಹಾಕಬೇಕಿತ್ತು, ಊರಿಗೆ ರಜೆಗೆ ಬಂದಾಗ ಇಲ್ಲಿಂದ ಹಾಕುತ್ತೇನೆ ಅಂದರೆ ಅದಕ್ಕೆ ಬಲವಾದ ಕಾರಣ ಕೊಡಬೇಕು. ಅಮೆರಿಕವೂ 2025ರ ಸೆಪ್ಟೆಂಬರ್‌ನಿಂದ ಪಾಸ್‌ಪೋರ್ಟಿನ ದೇಶದಲ್ಲಿ ಅಥವಾ ವಾಸದ ದೇಶದಲ್ಲಿ ಹಾಕಿ ಅನ್ನುತ್ತಿದೆ. ಟಿಕೆಟ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ನೋಡಿಕೊಂಡರೆ ಒಳ್ಳೆಯದು. ಇನ್ನೊಂದು, ಬ್ರಿಟನ್ನಿನ ಅರ್ಜಿ ಅವರ ಕೈಯಲ್ಲಿರುವಷ್ಟು ದಿನ ಪಾಸ್‌ಪೋರ್ಟೂ ಅವರ ಹತ್ತಿರವೇ ಉಳಿಯಬಹುದು. ಮೂರು ವಾರ ಅನ್ನುತ್ತಾರೆ. ಆ ನಡುವೆ ಕೆನಡಾಕ್ಕೆ ಓಡಬೇಕಾದ ಕೆಲಸ ಬಂದರೆ ಕಷ್ಟ.

ನನ್ನ ಫೈಲು ಬೇಗ ಆಯಿತು. ಕೆಲಸ ಕೊಟ್ಟವರಿಂದ ಒಂದು ಪತ್ರ, ಅದರಲ್ಲಿ ಹುದ್ದೆ, ಸಂಬಳ, ರಜೆ ಯಾವತ್ತಿನವರೆಗೆ ಅನ್ನುವುದು ಸ್ಪಷ್ಟವಾಗಿ. ಸಂಬಳದ ಚೀಟಿಗಳು. ಕೆನಡಾದ ತೆರಿಗೆ ಇಲಾಖೆ ವರ್ಷಕ್ಕೊಮ್ಮೆ ಕಳಿಸುವ ನೋಟಿಸ್ ಆಫ್ ಅಸೆಸ್‌ಮೆಂಟ್. ಬಾಡಿಗೆ ಕರಾರು. ಪಿಆರ್ ಕಾರ್ಡಿನ ಎರಡೂ ಬದಿ. ಅದರ ಮೇಲಿನ ಕೊನೆಯ ತಾರೀಕು ನನ್ನ ಪ್ರಯಾಣ ಮುಗಿದ ಮೇಲೂ ಬಹಳ ದಿನ ಇದೆ ಅನ್ನುವುದು ಬಹಳ ಮುಖ್ಯ. ಕಾರ್ಡ್ ಹೊರದೇಶದಲ್ಲಿ ಮುಗಿದರೆ ಅಥವಾ ಕಳೆದರೆ ಅಲ್ಲಿ ಹೊಸದು ಕೊಡುವುದಿಲ್ಲ. ಪಿಆರ್ ಟ್ರಾವೆಲ್ ಡಾಕ್ಯುಮೆಂಟ್ ಅಂತ ಬೇರೆ ಅರ್ಜಿ ಹಾಕಿ, ಅದು ಸಿಕ್ಕ ಮೇಲೆಯೇ ಕೆನಡಾ ವಿಮಾನ. ವೀಸಾ ಅಧಿಕಾರಿಗೆ ಇದು ಗೊತ್ತಿರುತ್ತದೆ. ಮರಳಿ ಹೋಗಲು ಆಗದವಳಿಗೆ ಬರಲು ಯಾಕೆ ಬಿಡಬೇಕು ಅಂತ ಅವರು ನೋಡಿದರೆ ತಪ್ಪಿಲ್ಲ. ನಾನು ಈಗ ಯಾಕೆ ಬಳ್ಳಾರಿಯಲ್ಲಿದ್ದೇನೆ ಅನ್ನುವುದನ್ನೂ ಪತ್ರದಲ್ಲಿ ಮೊದಲೇ ಬರೆದೆ. ಕೆನಡಾದಲ್ಲಿ ಬದುಕು, ಭಾರತದಿಂದ ಅರ್ಜಿ ಅಂದರೆ ಓದುವವರಿಗೆ ಅನುಮಾನ ಬರದೇ ಇರುತ್ತಾ?

ಅವ್ವನ ಫೈಲೇ ಬೇರೆ. ಅದರ ಮೇಲೆ ಮನಸಿಟ್ಟು ಕೂತೆ.

ಅವ್ವನಿಗೆ ಅಪ್ಪನ ಕುಟುಂಬ ಪಿಂಚಣಿ ಬರುತ್ತದೆ. ಸಿರುಗುಪ್ಪ ಕಡೆ ಹೊಲವಿದೆ, ತುಂಗಭದ್ರಾ ಕಾಲುವೆ ನೀರಿನದು. ಭತ್ತ ಬೆಳೆಯುತ್ತದೆ. ಪಾಲಿಗೆ ಕೊಟ್ಟಿದ್ದೇವೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರೆ ಪ್ರತಿ ತಿಂಗಳು ಪಿಂಚಣಿಯ ಸಣ್ಣ ಮೊತ್ತ, ಸುಗ್ಗಿ ಆದ ಮೇಲೆ ಒಮ್ಮೆ ದೊಡ್ಡ ಮೊತ್ತ. ನಮ್ಮ ಊರಿನವರಿಗೆ ಇದು ವಿವರಿಸಬೇಕಾದ ವಿಷಯವೇ ಅಲ್ಲ. ಆದರೆ ಎಲ್ಲೋ ಕೂತು ದಿನಕ್ಕೆ ರಾಶಿ ಅರ್ಜಿ ನೋಡುವವರಿಗೆ, ಒಮ್ಮೆಲೇ ಬಂದ ದೊಡ್ಡ ದುಡ್ಡು ಅಂದರೆ ವೀಸಾಕ್ಕೆಂದೇ ಯಾರಿಂದಲೋ ತಂದು ಹಾಕಿದ್ದು ಅನಿಸಬಹುದು. ಅದಕ್ಕೆ ದಲಾಲಿ ಅಂಗಡಿಯ ಚೀಟಿ ತರಿಸಿದೆ. ಎಷ್ಟು ಚೀಲ, ಯಾವ ದರ, ಯಾವ ತಾರೀಕು. ಸ್ಟೇಟ್‌ಮೆಂಟಿನ ಆ ಸಾಲನ್ನೂ ಚೀಟಿಯನ್ನೂ ಜೋಡಿಸಿ ಪತ್ರದಲ್ಲಿ ಎರಡು ಸಾಲು ಬರೆದೆ. ಆದಾಯ ತೆರಿಗೆ ರಿಟರ್ನ್ ಇಲ್ಲವಲ್ಲ ಅಂತ ಅವ್ವನಿಗೆ ಚಿಂತೆ. ಕೃಷಿ ಆದಾಯಕ್ಕೆ ನಮ್ಮಲ್ಲಿ ಕೇಂದ್ರದ ಆದಾಯ ತೆರಿಗೆ ಇಲ್ಲ. ಅದನ್ನೂ ಹಾಗೇ ಬರೆದೆ.

ಪಹಣಿ ವಿಷಯದಲ್ಲಿ ಜಾಸ್ತಿ ಓಡಾಟವಾಯಿತು. ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸಿ ಅವ್ವನ ಹೆಸರು ಏರಿಸಿದ್ದೆವು, ಅದೊಂದು ಪುಣ್ಯ. ಆದರೆ ಪಹಣಿಯಲ್ಲಿ ಹೆಸರಿನ ಮುಂದೆ ಗಂಡನ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು. ಆಧಾರ್‌ನಲ್ಲಿ ಇವೆರಡೂ ಅಲ್ಲ, ಬರೀ ಇನಿಶಿಯಲ್ಲು. ಮೂರೂ ಒಬ್ಬಳೇ ಹೆಂಗಸು ಅಂತ ಅಫಿಡವಿಟ್ ಮಾಡಿಸಬೇಕಾಯಿತು. ಪಹಣಿ ಇರುವುದು ಕನ್ನಡದಲ್ಲಿ. ಇಂಗ್ಲಿಷ್ ಅಥವಾ ವೆಲ್ಷ್ ಅಲ್ಲದ ಯಾವ ಕಾಗದಕ್ಕಾದರೂ ಪೂರ್ತಿ ಅನುವಾದ ಬೇಕು. ಅನುವಾದ ಮಾಡಿದವರು ಇದು ಸರಿಯಾದ ಅನುವಾದ ಅಂತ ಬರೆದು, ತಾರೀಕು, ಹೆಸರು, ಸಹಿ, ತಮ್ಮನ್ನು ಸಂಪರ್ಕಿಸುವ ವಿವರ ಕೊಡಬೇಕು. ಬರೀ ನೋಟರಿ ಸೀಲು ಒತ್ತಿಸಿ ತಂದರೆ ಸಾಲದು. ಮನೆ ಕಂದಾಯದ ರಸೀದಿಗೂ ಹೀಗೇ ಮಾಡಿಸಿದೆವು.

ಊರಿನ ಹೆಸರೂ ಒಂದು ಸಣ್ಣ ತೊಡಕು. ನನ್ನ ಹಳೆಯ ಕಾಗದಗಳಲ್ಲಿ ಇಂಗ್ಲಿಷಿನ ಹಳೆಯ ಸ್ಪೆಲ್ಲಿಂಗ್, ಅವ್ವ ಈಚೆಗೆ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಹೊಸದು. 2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರು ಬದಲಿಸಿದಾಗ ನಮ್ಮದೂ ಬದಲಾಯಿತು ಅಂತ ಒಂದು ಸಾಲು ಹಾಕಿ ಮುಗಿಸಿದೆ.

ಈ ಕಾಗದಗಳನ್ನು ಜೋಡಿಸುವಾಗಲೇ ಪರಿಚಯದವರೊಬ್ಬರು ಏಜೆಂಟರ ಹತ್ತಿರ ಕರೆದುಕೊಂಡು ಹೋದರು. ಅವರು ಎರಡು ಸಲಹೆ ಕೊಟ್ಟರು. ಒಂದು, ಅವ್ವನ ಖಾತೆಗೆ ಎರಡು ವಾರದ ಮಟ್ಟಿಗೆ ಕೆಲವು ಲಕ್ಷ ಹಾಕಿಸಿ. ಎರಡು, ಬಾಣಂತನದ ಮಾತೇ ಎತ್ತಬೇಡಿ, ಲಂಡನ್ ನೋಡಲು ಟೂರ್ ಅಂತ ಬರೆಯಿರಿ, ಇಲ್ಲದಿದ್ದರೆ ಕೂಸು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಾರೆ ಅಂತ ತಿರಸ್ಕರಿಸುತ್ತಾರೆ. ಎರಡಕ್ಕೂ ನಾನು ಒಪ್ಪಲಿಲ್ಲ. ಈ ಮಾತನ್ನು ಯಾರಾದರೂ ಓದಿ ನೆನಪಿಟ್ಟುಕೊಂಡರೆ ಈ ಬರಹ ಬರೆದದ್ದಕ್ಕೂ ಸಾರ್ಥಕ.

ಸುಳ್ಳು ಕಾಗದ, ಸುಳ್ಳು ಮಾತು ಸಿಕ್ಕಿಬಿದ್ದರೆ ಬ್ರಿಟನ್ 10 ವರ್ಷ ಬಾಗಿಲು ಹಾಕಬಹುದು. ಹತ್ತು ವರ್ಷ ಅಂದರೆ ಆ ಕೂಸು ನಾಲ್ಕೈದನೇ ಕ್ಲಾಸಿನಲ್ಲಿರುತ್ತದೆ. ಅಜ್ಜಿಯನ್ನು ತನ್ನ ಮನೆಯಲ್ಲಿ ಒಮ್ಮೆಯೂ ನೋಡದೆ. ಅಲ್ಲದೆ ಟೂರ್ ಅಂತ ಸುಳ್ಳು ಬರೆಯುವ ಅಗತ್ಯವೇ ಇಲ್ಲ. ಅವರ ಅಧಿಕಾರಿಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲೇ ಇದೆ. ಸಂಬಂಧಿಕರು ಸ್ವಲ್ಪ ಕಾಲಕ್ಕೆ ಬಂದು ಮಗುವನ್ನು ನೋಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಕೂಲಿಗೆ ಇಟ್ಟ ಆಯಾ ಥರ ಆಗಬಾರದು, ಅಷ್ಟೇ. ಹಾಗಾಗಿ ಇದ್ದದ್ದನ್ನೇ ಬರೆದೆ. ಮಗಳ ಚೊಚ್ಚಲ ಹೆರಿಗೆ, ತಾಯಿ ಜೊತೆಯಲ್ಲಿರಲು ಹೋಗುತ್ತಿದ್ದಾರೆ, ಅಳಿಯ ಖರ್ಚು ನೋಡಿಕೊಳ್ಳುತ್ತಾರೆ, ಭತ್ತದ ಕೊಯ್ಲಿಗೆ ವಾಪಸ್ ಬರುತ್ತಾರೆ. ತಂಗಿ ತನ್ನ ಆಹ್ವಾನದ ಪತ್ರ, ಗಂಡನ ಸಂಬಳದ ಚೀಟಿ, ಮನೆಯ ಕರಾರು, ಇಬ್ಬರ ವೀಸಾ ಸ್ಥಿತಿ ಎಲ್ಲಾ ಕಳಿಸಿದಳು.

ಒಮ್ಮೆ ತಿರಸ್ಕರಿಸಿದರೆ ಮೇಲ್ಮನವಿಯ ಹಕ್ಕೂ ಈಗಿಲ್ಲ. ಮನೆಯವರನ್ನು ನೋಡಲು ಹೋಗುವವರಿಗೆ ಮೊದಲು ಇತ್ತು, 2013ರಲ್ಲಿ ತೆಗೆದರು. ಮತ್ತೆ ಹೊಸ ಅರ್ಜಿ, ಹೊಸ ಫೀಸು. ಮುಂದೆ ಬೇರೆ ದೇಶಗಳ ಫಾರಂನಲ್ಲೂ ಹಿಂದೆ ವೀಸಾ ತಿರಸ್ಕಾರವಾಗಿದೆಯಾ ಅನ್ನುವ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ಮೊದಲ ಸಲವೇ ಸಾವಕಾಶವಾಗಿ, ಪೂರ್ತಿಯಾಗಿ ಬರೆಯುವುದು ಮೇಲು. ನಾನಂತೂ ಅವ್ವನ ಪತ್ರವನ್ನು ಅವಳಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿ, ಹೂಂ ಅಂದ ಮೇಲೆಯೇ ಸಹಿ ಮಾಡಿಸಿದೆ. ಅವಳ ಹೆಸರಲ್ಲಿ ಹೋಗುವ ಮಾತು ಅವಳಿಗೆ ಗೊತ್ತಿರಬೇಕು.

ಆಮೇಲೆ ನಿಂದೂ ಓದು ಅಂದಳು. ಓದಿದೆ. ಕೇಳಿಸಿಕೊಂಡು ಸುಮ್ನೆ ಕೂತಳು. "ನಂದು ಬಳ್ಳಾರಿಗೆ ವಾಪಸ್ ಅಂತ ಬರದಿ. ನಿಂದು ಕೆನಡಾಕ್ಕ ಅಂತ ಬರದಿ" ಅಂದಳು. ದೂರಲಿಲ್ಲ, ಇದ್ದದ್ದನ್ನು ಹೇಳಿದಳು. ನನಗೆ ಮಾತ್ರ ಅದು ಬಹಳ ಹೊತ್ತು ಮನಸಿನಲ್ಲಿ ಉಳಿಯಿತು. ಈ ಮನೆಯಲ್ಲಿ, ಅಪ್ಪ ಪೇಪರ್ ಓದುತ್ತಿದ್ದ ಅದೇ ಮೇಜಿನ ಮೇಲೆ, ನನ್ನ ಬೇರು ಇರುವುದು ಟೊರಾಂಟೊದಲ್ಲಿ ಅಂತ ದಾಖಲೆ ಸಮೇತ ಸಾಬೀತು ಮಾಡುತ್ತಿದ್ದೆ. ಬಳ್ಳಾರಿಯ ನೆನಪು, ಪ್ರೀತಿ ಯಾವುದನ್ನೂ ಅಲ್ಲಿ ಬರೆಯುವ ಹಾಗಿಲ್ಲ. ಬರೆದರೂ ಕೆಲಸಕ್ಕೆ ಬಾರದು. ಹೊಲದಲ್ಲಿ ನನಗೂ ಪಾಲಿದೆ. ಅದನ್ನು ನನ್ನ ಅರ್ಜಿಯ ಬಲ ಅಂತ ತೋರಿಸಲಿಲ್ಲ, ಆಸ್ತಿ ಕೇಳಿದ ಕಡೆ ಮಾತ್ರ ಹೇಳಿದೆ. ನಾನು ಮರಳುವುದು ಆ ಹೊಲಕ್ಕಲ್ಲ, ಇದು ನಿಜ. ನಿಜವನ್ನು ಬರೆಯುವಾಗಲೂ ಕೈ ನಡುಗಬಹುದು ಅಂತ ನನಗೆ ಅವತ್ತು ಗೊತ್ತಾಯಿತು.

ಹಾಗಾದರೆ ಸಿಟಿಜನ್ ಆಗಿಬಿಡು, ಈ ತಾಪತ್ರಯವೇ ಇಲ್ಲ ಅನ್ನುವವರಿದ್ದಾರೆ. ಐದು ವರ್ಷದಲ್ಲಿ 1,095 ದಿನ ಕೆನಡಾದಲ್ಲಿದ್ದರೆ ಅರ್ಜಿ ಹಾಕಬಹುದು. ಕೆನಡಾ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್ನಿಗೆ ಹೋಗಲು ವೀಸಾ ಬೇಡ, 2025ರ ಜನವರಿಯಿಂದ ಇಟಿಎ ಅನ್ನುವ ಆನ್‌ಲೈನ್ ಅನುಮತಿ ಸಾಕು. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಈ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ, ಅಂದರೆ ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್, ತೆಗೆದುಕೊಳ್ಳಬೇಕು. ಒಸಿಐ ಆದವರಿಗೆ ಇಲ್ಲಿ ಮತವಿಲ್ಲ. ಹೊಲ ಕೊಳ್ಳುವಂತಿಲ್ಲ, ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಾಡಿಕೊಂಡವರನ್ನು ನಾನು ತಪ್ಪು ಅನ್ನುವುದಿಲ್ಲ, ಅವರವರ ಮನೆ ಪರಿಸ್ಥಿತಿ ಅವರಿಗೆ ಗೊತ್ತು. ನನಗೆ ಇನ್ನೂ ಮನಸು ಬಂದಿಲ್ಲ. ದೇಶ ಬಿಡಲು ವೀಸಾ ಅರ್ಜಿಯ ಕಷ್ಟ ಸಾಕಷ್ಟು ದೊಡ್ಡ ಕಾರಣ ಅಂತ ನನಗೆ ಅನಿಸುವುದಿಲ್ಲ.

ಬೆರಳಚ್ಚು, ಫೋಟೋ ಕೊಡಲು ಬೆಂಗಳೂರಿಗೆ ಹೋಗಬೇಕು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ ಬೆಳಗ್ಗೆ ಇಳಿದೆವು. ಅಲ್ಲಿನ ಕೆಲಸ ಬೇಗ ಮುಗಿಯಿತು. ಹೊಲದ ಕೆಲಸ ಮಾಡಿದ ಅವ್ವನ ಬೆರಳುಗಳ ಗೆರೆ ಸವೆದಿವೆ, ಯಂತ್ರ ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಕೌಂಟರಿನ ಹುಡುಗಿ "ಅಮ್ಮಾ, ಇನ್ನೊಂದ್ಸಲ ಒತ್ತಿ" ಅಂತ ತಾಳ್ಮೆಯಿಂದ ಮಾಡಿಸಿದಳು. ಇಂಟರ್‌ವ್ಯೂ ಇರಲಿಲ್ಲ. ಅಂದರೆ ನಮ್ಮ ಪರವಾಗಿ ಮಾತಾಡುವುದು ಆ ಕಾಗದಗಳು ಮಾತ್ರ.

ವೀಸಾ ಇಬ್ಬರಿಗೂ ಬಂತು. ಅವ್ವನದು ಮೊದಲು, ನನ್ನದು ಆಮೇಲೆ. ಪಿಆರ್ ಇದ್ದವಳದ್ದೇ ತಡವಾಯಿತಲ್ಲ ಅಂತ ಚಿಕ್ಕಪ್ಪನಿಗೆ ಆಶ್ಚರ್ಯ. ನನಗೆ ಆಶ್ಚರ್ಯವಾಗಲಿಲ್ಲ. ಅವ್ವನ ಮನೆ, ಹೊಲ, ಪಿಂಚಣಿ, ಪಾಸ್‌ಪೋರ್ಟ್ ಎಲ್ಲಾ ಒಂದೇ ದೇಶದಲ್ಲಿವೆ. ನನ್ನವು ಎರಡು ದೇಶದಲ್ಲಿವೆ, ಓದಿ ಹೊಂದಿಸಲು ಹೊತ್ತು ಬೇಕು.

ಈಗ ಮನೆಯಲ್ಲಿ ಕಟ್ಟುವ ಸಂಭ್ರಮ. ಬ್ರಿಟನ್ನಿಗೆ ಇಲ್ಲಿಂದ ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ, ತುಪ್ಪವೂ ಸೇರಿ. ಹಾಗಾಗಿ ಅವ್ವ ಅಂಟಿನುಂಡೆಯನ್ನು ಅಲ್ಲೇ ಹೋಗಿ ಕಟ್ಟುವುದು ಅಂತ ತೀರ್ಮಾನಿಸಿ ಅಂಟು, ಒಣ ಕೊಬ್ಬರಿ, ಉತ್ತುತ್ತಿ ಮಾತ್ರ ತೆಗೆದಿಟ್ಟಿದ್ದಾಳೆ. ತಂಗಿ ನಿನ್ನೆ ಫೋನಿನಲ್ಲಿ, ವೀಸಾ ಆರು ತಿಂಗಳು ಇದೆಯಲ್ಲ, ಅವ್ವ ಅಷ್ಟೂ ದಿನ ಇರಲಿ, ಟಿಕೆಟ್ ಮುಂದಕ್ಕೆ ಹಾಕಿಸೋಣ ಅಂದಳು. ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಮುಂದಿನ ಸಲ ಹಾಕುವಾಗ, ಹೋದ ಸಲ ಹೇಳಿದ್ದಕ್ಕೂ ಇದ್ದದ್ದಕ್ಕೂ ತಾಳೆ ನೋಡುತ್ತಾರೆ ಅಂತ ನಾನು ಹೇಳುವಷ್ಟರಲ್ಲಿ ಅವ್ವ ಫೋನ್ ಈಸಿಕೊಂಡಳು. "ಕೊಯ್ಲಿಗೆ ಬರ್ತೀನಿ ಅಂತ ಬರದು ಕೊಟ್ಟೀನವ್ವ. ಭತ್ತ ತೂಗೋ ಹೊತ್ತಿಗೆ ನಾ ಇಲ್ಲಿರಬೇಕು. ಮುಂದಿನ ವರ್ಷ ನೀನ ಕೂಸಿನ್ನ ಕರಕೊಂಡು ಬಾ" ಅಂದಳು. ಕೂಸಿಗೆ ಯಾವ ಪಾಸ್‌ಪೋರ್ಟ್ ಮಾಡಿಸುವುದು, ಅದಕ್ಕೆ ಭಾರತದ ವೀಸಾ ಬೇಕಾಗುತ್ತದಾ ಅಂತ ತಂಗಿ ಆಗಲೇ ಕೇಳಲು ಶುರು ಮಾಡಿದ್ದಾಳೆ.